ಸಾಣಿಗೆ ಹಿಡಿದ ಬೂದಿ

ಹಲ್ಲಿಗೆ ಸಿಕ್ಕ ಸೇವಂತಿಗೆ ದಂಟಿಗೆ ಒಂದು ವಾಸನೆ ಇದೆ. ಹೂವಿನ ವಾಸನೆ ಬೇರೆ. ಅದು ತಣ್ಣಗೆ, ದೇವರ ಜಗಲಿಯ ಕಡೆಯದು. ದಂಟಿನದು ಕಹಿ, ಸ್ವಲ್ಪ ಖಾರ, ಮೂಗಿನೊಳಗೆ ಹೋಗಿ ಅಲ್ಲೇ ಕುಳಿತುಬಿಡುವಂಥದು. ದೀಪಾವಳಿ ಆಗಿ ನಾಲ್ಕು ದಿನವಾಗಿತ್ತು. ಬೈಲಹೊಂಗಲದ ನಮ್ಮ ಮನೆಯ ಮಾಳಿಗೆಯ ಮೇಲೆ ಸೊಸೆ ಸುಮಾ ಐದು ಕುಂಡಗಳಲ್ಲಿ ಸೇವಂತಿಗೆ ಹಚ್ಚಿದ್ದಾಳೆ. ಬೆಳಿಗ್ಗೆ ನಾನು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಾಗ ಅವಳು ಕತ್ತರಿಸಿ ಬಿದ್ದಿದ್ದ ಮೂರು ಹೂಗಳನ್ನು ದಂಟಿನ ಸಮೇತ ತಂದು ನನ್ನ ಮಡಿಲಿಗೆ ಹಾಕಿದಳು.

"ನೋಡ್ರಿ ಅತ್ತಿ, ಮತ್ತ ಮೂರು ಹ್ವಾದ್ವು. ಇದು ಬಾಜೂ ಮನಿ ಬೆಕ್ಕಿನ ಕೆಲಸ. ಇವತ್ತ ನಾ ಹೋಗಿ ಕೇಳೇ ಬಿಡಾಕಿ."

"ಬೆಕ್ಕು ಹೂವು ತಿಂತೈತೇನ?"

"ತಿನ್ನಲಿಕ್ಕರ ಏನಾತ್ರಿ, ಕೆಡಸ್ತೈತಲ್ಲ! ಅವರಿಗೆ ಹೇಳಿ ಹೇಳಿ ಸಾಕಾಗೇತಿ. ನಿಮಗ ಗೊತ್ತಿದ್ರ ಹೇಳ್ರಿ ಮತ್ತ, ಯಾವುದಂತ."

ಅಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ನೆನಪಾಗಿ ಅವಳು ಕೆಳಗೆ ಓಡಿದಳು. ನಾನು ಒಂದು ದಂಟನ್ನು ಎತ್ತಿ ಮೂಗಿಗೆ ಹಿಡಿದೆ. ಅಷ್ಟೇ. ಹೂಲಿಯ ಹಿತ್ತಲದಲ್ಲಿದ್ದೆ. ಎಂಟು ವರ್ಷದವಳು, ಬರಿಗಾಲು, ಉಗುರಿನ ಸಂದಿಯಲ್ಲಿ ಬೂದಿ.

ಹೂಲಿ ಸವದತ್ತಿಯಿಂದ ದೂರವಿಲ್ಲ. ಗುಡ್ಡದ ಬುಡದ ಊರು. ಎಲ್ಲಿ ನೋಡಿದರೂ ಹಳೆಯ ಕಲ್ಲಿನ ಗುಡಿಗಳು. ಕೆಲವುಗಳಲ್ಲಿ ದೇವರಿದ್ದಾನೆ, ಕೆಲವುಗಳಲ್ಲಿ ಬಾವಲಿ ಇವೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹೊಸ್ತಿಲು ದಾಟಿದರೆ ಎತ್ತು ಕಟ್ಟುವ ಜಾಗ, ಒಂದು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಹೊಗೆಗೆ ಕಪ್ಪಾದ ಅಡಿಗೆಮನೆ. ಅಡಿಗೆಮನೆಯ ಗಿಡ್ಡ ಬಾಗಿಲಿಂದ ತಲೆ ಬಗ್ಗಿಸಿ ಹೊರಬಂದರೆ ಹಿತ್ತಲ. ಒಳಗಿನ ಕತ್ತಲೆಯಿಂದ ಬಂದ ಕಣ್ಣಿಗೆ ಆ ಹಿತ್ತಲ ಬಡಿಯುತ್ತಿತ್ತು. ಬಾವಿಯ ಪಕ್ಕದಲ್ಲಿ ಮಲ್ಲಿಗೆ ಹಂದರ, ಬಚ್ಚಲ ನೀರು ಹರಿಯುವಲ್ಲಿ ಕನಕಾಂಬರ, ಗೋಡೆಯ ಗುಂಟ ಸುಗಂಧಿ, ನಡುವೆ ಸಾಲು ಸಾಲಾಗಿ ಸೇವಂತಿಗೆ. ಹಳದಿಯವು ಬಹಳ, ಬಿಳಿಯವು ಒಂದೇ ಮಡಿ. ಮೂಲೆಯಲ್ಲಿ ಜೋಳದ ಕಣಿಕೆಯ ಬಣವೆ. ಆಚೆಗೆ ಜಾಲಿ ಮುಳ್ಳಿನ ಬೇಲಿ, ಬೇಲಿಯಲ್ಲೊಂದು ಕಿಂಡಿ. ಇದೆಲ್ಲ ಆಯಿಯ ರಾಜ್ಯ. ಆಯಿ ಅಂದರೆ ನನ್ನ ಅಪ್ಪನ ತಾಯಿ, ಶಿವಕ್ಕ. ಅಪ್ಪ ಅವ್ವ ಬೆಳಗಾದರೆ ಹೊಲಕ್ಕೆ ಹೋಗುವವರು. ನಾನು ಆಯಿಯ ಸೆರಗಿಗೆ ಬಿಟ್ಟ ಕೂಸು. ಸಾಲಿಗೆ ಹಾಕಿದ್ದರು, ಎರಡನೆಯ ಇಯತ್ತೆಗೆ ಬಿಡಿಸಿದರು. ಬಿಡಿಸಿದ್ದಕ್ಕೆ ನಾನೇನೂ ಅಳಲಿಲ್ಲ. ಆಯಿ ಮುದ್ದು ಮಾಡುವ ಮುದುಕಿಯಲ್ಲ. ಅವಳ ಕೈ ನನ್ನ ತಲೆಯ ಮೇಲೆ ಬಂದರೆ ಎಣ್ಣೆ ಹಚ್ಚಲಿಕ್ಕೆ, ಇಲ್ಲವೇ ಹೇನು ತೆಗೆಯಲಿಕ್ಕೆ.

ಹೂವು ಬಿಡುವ ಕಾಲದಲ್ಲಿ ದಿನಾ ಸಂಜೆ ಆಯಿಗೆ ಒಂದು ಕೆಲಸ ಇತ್ತು. ಒಲೆಯೊಳಗಿನ ಸೆಗಣಿ ಕುಳ್ಳಿನ ಬೂದಿಯನ್ನು ತಣ್ಣಗಾಗಲು ಬಿಟ್ಟು, ಹಿಟ್ಟು ಸೋಸಿದ ಹಾಗೆ ಸಾಣಿಗೆ ಹಿಡಿಯುತ್ತಿದ್ದಳು. ಕೆಳಗೆ ಬಿದ್ದ ಬೂದಿ ರೇಶಿಮೆಯಂತೆ ಇರುತ್ತಿತ್ತು. ಕೈ ಇಟ್ಟರೆ ಕೈಯ ಗೆರೆ ಸಹ ಮೂಡುತ್ತಿತ್ತು. ದೀಪ ಹಚ್ಚುವ ಮೊದಲು ಅದನ್ನು ಮಡಿಗಳ ನಡುವಿನ ದಾರಿಯಲ್ಲಿ ತೆಳ್ಳಗೆ ಉದುರಿಸುತ್ತಿದ್ದಳು, ರಂಗೋಲಿ ಬಿಡುವವರ ಹಾಗೆ ಬಗ್ಗಿ, ಹಿಂದೆ ಹಿಂದೆ ಸರಿಯುತ್ತ, ತನ್ನ ಹೆಜ್ಜೆ ಬೀಳದಂತೆ. ಬೆಳಗ್ಗೆ ಎದ್ದು ಮೊದಲು ಅಲ್ಲಿಗೇ ಬರುತ್ತಿದ್ದಳು. ಯಾರು ಬಂದರು, ಯಾವ ಕಡೆಯಿಂದ ಬಂದರು, ಏನು ತಿಂದರು, ಎಲ್ಲಾ ಅಲ್ಲಿರುತ್ತಿತ್ತು. ನುಣ್ಣನೆಯ ಎಳೆದ ಗೆರೆ ಕಂಡರೆ, "ನಾಗಪ್ಪ ಬಂದು ಹೋಗ್ಯಾನ. ಹೂವಿನ ಗೊಡವಿ ಅವಗಿಲ್ಲ, ಇಲಿ ನೋಡಾಕ ಬಂದಿದ್ದ" ಅಂತ ಕೈ ಮುಗಿದು ಮುಂದೆ ಹೋಗುತ್ತಿದ್ದಳು. ಬೆಳ್ಳಿ ಹಚ್ಚಿದಂತೆ ಮಿರುಗುವ ಅಂಟು ಗೆರೆ ಕಂಡರೆ ಶಂಖದ ಹುಳ. ಅವುಗಳನ್ನು ಎಲೆಯ ಅಡಿಯಿಂದ ಆರಿಸಿ ಗಡಿಗೆಗೆ ಹಾಕಿ ಹಳ್ಳಕ್ಕೆ ಚೆಲ್ಲಿಬರುವ ಕೆಲಸ ನನ್ನದು. ಕೊಲ್ಲಲು ಬಿಡುತ್ತಿರಲಿಲ್ಲ.

ಬೂದಿ ಅರ್ಧ ಹೇಳಿದರೆ ಉಳಿದ ಅರ್ಧ ಗಿಡವೇ ಹೇಳುತ್ತದೆ ಅನ್ನುವುದು ಆಯಿಯ ಮಾತು. ಗಿಡ ನಿನ್ನೆ ನೆಟ್ಟಗಿದ್ದು ಇವತ್ತು ಕುಡಿದವನ ಹಾಗೆ ವಾಲಿದ್ದರೆ ಬೇರು ಕಡಿದದ್ದು ಹೆಗ್ಗಣ. ಬಿಲ ಹುಡುಕಿ ನೀರು ಬಿಡಬೇಕು, ಸುತ್ತ ಮೆಣಸಿನಕಾಯಿ ಹೊಗೆ ಹಾಕಬೇಕು. ಎಸಳುಗಳೆಲ್ಲ ಕಿತ್ತು ಬುಡದಲ್ಲೇ ಬಿದ್ದಿದ್ದರೆ, ಯಾರೂ ತಿಂದಿಲ್ಲ, ಗುಬ್ಬಿಗಳು ಆಟ ಆಡಿವೆ. ಟೊಂಗೆ ಮುರಿದು, ಮೊಗ್ಗು ಅರ್ಧ ಕಚ್ಚಿ ಎಸೆದಿದ್ದರೆ ಗುಡಿಯ ಕಡೆಯ ಮುಸುವಗಳು. ಅವಕ್ಕೆ ಬೂದಿಯೂ ಬೇಡ, ಡಬ್ಬಿ ಬಡಿದರೆ ಸಾಕು. ಸುಗಂಧಿಯ ಗಡ್ಡೆ ತೋಡಿದ್ದರೆ ಮುಳ್ಳಹಂದಿ. ಅದು ಬಿಟ್ಟುಹೋದ ಮುಳ್ಳಿನಿಂದ ಆಯಿ ನನ್ನ ಬೈತಲೆ ತೆಗೆಯುತ್ತಿದ್ದಳು. ಚರ್ಮಕ್ಕೆ ತಣ್ಣಗೆ ಚುಚ್ಚುವ ಆ ಗೆರೆ ಇನ್ನೂ ನನ್ನ ನೆತ್ತಿಗೆ ನೆನಪಿದೆ. ಒಮ್ಮೆ ಎರಡು ದಂಟು ಕೈಯಲ್ಲಿ ಹಿಡಿದು ತೋರಿಸಿದ್ದಳು. "ನೋಡ ಪಾರಿ, ಆಡಿಗೆ ಮ್ಯಾಲಿನ ಹಲ್ಲಿಲ್ಲ. ಅದು ಹರೀತೈತಿ. ದಂಟಿನ ತುದಿ ಹಗ್ಗ ಹರದಂಗ ನಾರ ನಾರ ಇರತೈತಿ. ಇದು ಮೊಲ ತಿಂದದ್ದು. ಕುಡಗೋಲಿಂದ ಕೊಯ್ದಂಗ ಓರೆ, ನುಣ್ಣಗ. ಮೂಸಿ ನೋಡು, ರಸಾ ಎಲ್ಲಾ ತುದಿಗೆ ಬಂದಿರತೈತಿ." ಆಮೇಲೆ ಬೂದಿಯಲ್ಲಿ ಎರಡು ಬೆರಳು ಜೋಡಿಸಿ ಒತ್ತಿ, "ಆಡಿನ ಹೆಜ್ಜಿ ಹಿಂಗ" ಅಂದಳು. ಸೀಳಿದ ಗೊರಸು ಹಾಗೇ ಮೂಡಿತು. ನಾನೂ ಒತ್ತಿದೆ. ಅವಳದಕ್ಕಿಂತ ನನ್ನದು ಚೆನ್ನಾಗಿ ಬಂತು, ಸಣ್ಣ ಬೆರಳಲ್ಲವೇ. ಸಾಲಿಯ ಪಾಟಿಯ ಮೇಲೆ ನನಗೆ ನೆಟ್ಟಗೆ ಒಂದು ಅಕ್ಷರ ಬರುತ್ತಿರಲಿಲ್ಲ. ಇದು ಒಂದೇ ಸಲಕ್ಕೆ ಬಂತು.

ಪ್ರಾಣಿ ಬಾಯಿ ಹಾಕಿದ ಮಡಿಯ ಹೂವನ್ನು ಆಯಿ ದೇವರಿಗೆ ಏರಿಸುತ್ತಿರಲಿಲ್ಲ, ಮದುಮಗಳಿಗೂ ಬಸುರಿಗೂ ಮುಡಿಸಲು ಕೊಡುತ್ತಿರಲಿಲ್ಲ. ಎಂಜಲು ಅದು. ಒಂದು ದಂಟು ಕಚ್ಚಿದ್ದರೂ ಆ ಮಡಿ ಪೂರಾ ಎಂಜಲು. ಜೇನಿಗೆ, ಪಾತರಗಿತ್ತಿಗೆ ಮಾತ್ರ ಮಾಫಿ. ಇದನ್ನು ಹೇಳಿಕೊಟ್ಟವರು ಯಾರು ಅಂತ ನಾನು ಕೇಳಲಿಲ್ಲ. ಆ ಮನೆಯಲ್ಲಿ ಹಾಗೆ ನಡೆಯುತ್ತಿತ್ತು.

ಸಂಜೆ ಬೂದಿ ಹಾಕುವ ಹೊತ್ತಿಗೆ ಸರಿಯಾಗಿ ಹಿಂದಿನ ಓಣಿಯ ಫಕೀರವ್ವ ಬೇಲಿಯ ಕಿಂಡಿಯಿಂದ ಬರುತ್ತಿದ್ದಳು. ಅವಳೂ ಆಯಿಯೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಫಕೀರವ್ವನಿಗೆ ಗಂಡನಿರಲಿಲ್ಲ, ಹರಕೆ ಹೊತ್ತು ತಡವಾಗಿ ಹುಟ್ಟಿದ ಒಬ್ಬಳೇ ಮಗಳು ನೀಲವ್ವ, ರಾಮದುರ್ಗದ ಕಡೆಗೆ ಕೊಟ್ಟಿದ್ದಳು. ಮನೆಯಲ್ಲಿ ಉಳಿದದ್ದು ಒಂದು ಆಡು. ಇಬ್ಬರೂ ಪಡಸಾಲೆಯ ಕಟ್ಟೆಯ ಮೇಲೆ ಕಾಲು ಚಾಚಿ, ನಡುವೆ ಹೂವಿನ ಮೊರ ಇಟ್ಟುಕೊಂಡು, ಬಾಳೆ ನಾರಿನಲ್ಲಿ ಹೂ ಕಟ್ಟುತ್ತ, ಎಲೆ ಅಡಿಕೆ ಜಗಿಯುತ್ತ ಕೂರುತ್ತಿದ್ದರು. ಅವರ ಬೆರಳುಗಳು ನೋಡದೆಯೇ ಓಡುತ್ತಿದ್ದವು. ಬಾಯಿ ಅದಕ್ಕಿಂತ ಜೋರಾಗಿ ಓಡುತ್ತಿತ್ತು.

"ನಿನ್ನ ಹಿತ್ತಲದಾಗ ಇರುವಿ ಉಚ್ಚಿ ಹೊಯ್ದರೂ ನಿನಗ ತಿಳೀತೈತೆವ್ವ ಶಿವಕ್ಕ" ಅನ್ನುತ್ತಿದ್ದಳು ಫಕೀರವ್ವ.

"ತಿಳೀತೈತಿ. ಮೊನ್ನಿ ನೀ ಎರಡು ಮಲ್ಲಿಗಿ ದಂಡಿ ಸೆರಗಿನ್ಯಾಗ ಮುಚಗೊಂಡು ಹ್ವಾದದ್ದೂ ತಿಳದೈತಿ."

"ಎರಡಲ್ಲ, ಮೂರು! ನಿನ್ನ ಬೂದಿಗೂ ಲೆಕ್ಕ ತಪ್ಪತೈತಿ ನೋಡು."

ಇಬ್ಬರೂ ನಗುತ್ತಿದ್ದರು. ಆಯಿ ನಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಬೇರೆ ಯಾವಾಗಲಾದರೂ ನಕ್ಕದ್ದು ನನಗೆ ನೆನಪಿಲ್ಲ.

ಆ ವರ್ಷ ನೀಲವ್ವ ಬಸುರಿಯಾಗಿ ತವರಿಗೆ ಬಂದಳು. ಚೊಚ್ಚಲು. ದೀಪಾವಳಿ ಆದ ಮೇಲೆ ಕುಬಸ ಮಾಡುವುದೆಂದು ನಿಂತಿತು. ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ತಲೆಗೆ ಹೂವಿನ ದಂಡೆ ಕಟ್ಟಿ ಕೂರಿಸುವ ದಿನ ಅದು. ಊರ ಹೆಂಗಸರು ಮೊದಲು ನೋಡುವುದು ದಂಡೆಯನ್ನೇ. "ದಂಡಿ ನಂದು" ಅಂದಿದ್ದಳು ಆಯಿ. "ಬಿಳೀ ಸೇವಂತಿಗಿ ಮಡಿ ಪೂರಾ ನೀಲವ್ವಗ. ಅದರಾಗಿಂದ ಒಂದ ಹೂವು ನಾ ದೇವರಿಗೂ ಕೊಡೂದಿಲ್ಲ." ಫಕೀರವ್ವ ದಿನಾ ಬಂದು ಆ ಮಡಿಯ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು ಮೊಗ್ಗು ನೋಡುತ್ತಿದ್ದಳು. ಮುಟ್ಟುತ್ತಿರಲಿಲ್ಲ. ನೋಡಿ ಎದ್ದು ಹೋಗುತ್ತಿದ್ದಳು.

ಇನ್ನು ನನ್ನ ಮೊಲದ ಮಾತು. ಶ್ರಾವಣದಲ್ಲಿ ಹೊಲಕ್ಕೆ ಹೆಸರುಕಾಯಿ ಕೀಳಲು ಹೋದಾಗ ಬಳ್ಳಿಯ ಅಡಿಯಲ್ಲಿ ಒಂದು ಮರಿ ಸಿಕ್ಕಿತ್ತು. ಅಂಗೈಯಷ್ಟು. ಎದೆ ಢಬಢಬ ಅನ್ನುತ್ತಿತ್ತು. ಉಡಿಯಲ್ಲಿ ಮುಚ್ಚಿಕೊಂಡು ತಂದೆ, ಬಣವೆಯ ಹಿಂದೆ ಹಳೆಯ ಬಿದಿರಿನ ಹೆಡಗೆ ಬೋರಲು ಹಾಕಿ ಅದರಡಿ ಇಟ್ಟೆ, ಮೇಲೊಂದು ಕಲ್ಲು ಹೇರಿದೆ. ಯಾರಿಗೂ ಹೇಳಲಿಲ್ಲ. ಹೇಳದಿದ್ದುದಕ್ಕೆ ಕಾರಣ ಕಾಕಾ. ಅಪ್ಪನ ತಮ್ಮ, ಸಿಟ್ಟಿನ ಮನುಷ್ಯ. ಅವನು ಮುಧೋಳದ ಕಡೆಯಿಂದ ಒಂದು ನಾಯಿ ತಂದಿದ್ದ. ಸಣ್ಣ ನಡು, ಉದ್ದ ಕಾಲು, ಟೈಗ್ಯಾ ಅಂತ ಹೆಸರು. ನಾವು ಮಾಂಸ ತಿನ್ನುವ ಮಂದಿಯಲ್ಲ, ಆದರೂ ಹೊಲದಲ್ಲಿ ಮೊಲ ಎದ್ದರೆ ಸಾಕು, ನಾಯಿ ಬಿಟ್ಟು, ಅದು ಓಡುವುದನ್ನು ನೋಡಿ ಕೇಕೆ ಹಾಕುತ್ತಿದ್ದ. ಹಿಡಿದ ಮೊಲವನ್ನು ನಾಯಿಗೇ ಕೊಡುತ್ತಿದ್ದ. ನಾನು ಅದನ್ನು ಎರಡು ಸಲ ನೋಡಿದ್ದೆ. ಮೂರನೆಯದು ನೋಡುವ ಮನಸ್ಸಿರಲಿಲ್ಲ. ಮೊಲ ಬೆಳೆಯಿತು. ಹೆಡಗೆಯ ಅಂಚು ಒಂದು ಕಡೆ ಗೆದ್ದಲು ತಿಂದು ಸವೆದಿತ್ತು. ಅಲ್ಲಿಂದ ನುಸುಳಿ ಹೊರಗೆ ಅಡ್ಡಾಡಿ ಬೆಳಗಾಗುವಷ್ಟರಲ್ಲಿ ತಾನೇ ಬಂದು ಒಳಗೆ ಕೂರುತ್ತಿತ್ತು. ಶೇಂಗಾದ ರುಚಿ ಅದಕ್ಕೆ. ಅದು ಹೊರಗೆ ಹೋಗುವುದು ನನಗೆ ಗೊತ್ತಿತ್ತು. ಬೇಲಿ ದಾಟಿ ಹುಲ್ಲಿಗೆ ಹೋಗುತ್ತದೆ ಅಂತ ಅಂದುಕೊಂಡು ಸುಮ್ಮನಿದ್ದೆ. ಅಂದುಕೊಂಡದ್ದು, ಅಷ್ಟೇ.

ಕುಬಸಕ್ಕೆ ಎರಡು ದಿನ ಇತ್ತು. ಬೆಳಕು ಹರಿಯುವಾಗ ಎದ್ದು ಹಿತ್ತಲಿಗೆ ಬಂದೆ. ಬಿಳಿ ಮಡಿಯ ನಡುವೆ ನನ್ನ ಮೊಲ ಕುಳಿತಿತ್ತು. ಬಾಯಿಗೆ ಒಂದು ಬಿಳಿ ಎಸಳು ಅಂಟಿಕೊಂಡಿತ್ತು. ಸುತ್ತ ಹೂಗಳು ಸಾಲಿಗೆ ಸಾಲು ಕತ್ತರಿಸಿ ಬಿದ್ದಿದ್ದವು; ತಿಂದದ್ದು ಕಡಿಮೆ, ಕೆಡವಿದ್ದು ಬಹಳ. ಆ ಕಹಿ ವಾಸನೆ ಹಿತ್ತಲ ತುಂಬ ನಿಂತಿತ್ತು. ನಾನು ಅದನ್ನು ಕಿವಿ ಹಿಡಿದು ಎತ್ತಿಕೊಂಡು ಹೆಡಗೆಯಡಿ ತುರುಕಿ, ಸವೆದ ಕಡೆಗೆ ಇನ್ನೊಂದು ಕಲ್ಲು ಒತ್ತಿ ಬಂದೆ. ಬಂದು ನೋಡಿದರೆ ಬೂದಿ. ಬಣವೆಯಿಂದ ಮಡಿಗೆ, ಮಡಿಯಿಂದ ಬಣವೆಗೆ, ಮುಂದೆ ಎರಡು ಉದ್ದ, ಹಿಂದೆ ಎರಡು ಸಣ್ಣ, ಮೊಲದ ಹೆಜ್ಜೆ ಓದಿ ಹೇಳಿದಷ್ಟು ಸ್ಪಷ್ಟ. ಒಳಗೆ ಕಾಕಾ ಕೆಮ್ಮುತ್ತಿದ್ದ. ನಾಯಿಯ ಸರಪಳಿ ಸದ್ದು ಕೇಳುತ್ತಿತ್ತು. ನಾನು ಮೊಣಕಾಲೂರಿ ಅಂಗೈಯಿಂದ ಬೂದಿ ಸವರಿದೆ. ಎಲ್ಲ ಹೆಜ್ಜೆಯೂ ಹೋಯಿತು. ಆದರೆ ಬರಿಯ ಬೂದಿ ಬಿಟ್ಟರೆ, ಏನೂ ಬರದೆ ಹೂವು ಹೇಗೆ ಹೋದವು ಅಂತ ಕೇಳುತ್ತಾರಲ್ಲ. ಎರಡು ಬೆರಳು ಜೋಡಿಸಿದೆ. ಬೇಲಿಯ ಕಿಂಡಿಯಿಂದ ಬಿಳಿ ಮಡಿಯವರೆಗೆ ಒತ್ತುತ್ತ ಬಂದೆ. ಚೆಂದ ಬಂದವು. ನನ್ನ ಕೈಯಿಂದ ಮೊದಲ ಸಲ ತಪ್ಪಿಲ್ಲದೆ ಬರೆದದ್ದು ಅದೇ, ಅದೂ ಸುಳ್ಳು.

ಆಯಿ ಬಂದಳು. ಮಡಿ ನೋಡಿ ನಿಂತಳು. ಬಾಯಿ ಬಡಿದುಕೊಳ್ಳಲಿಲ್ಲ, ಅದು ಅವಳ ಗುಣವಲ್ಲ. ಬಗ್ಗಿ ಒಂದು ದಂಟು ಎತ್ತಿಕೊಂಡಳು, ತುದಿ ನೋಡಿದಳು, ಮೂಗಿಗೆ ಹಿಡಿದಳು. ಆಮೇಲೆ ಬೂದಿಯ ಹತ್ತಿರ ಬಂದು ಬಹಳ ಹೊತ್ತು ನೋಡಿದಳು. ಯಾವತ್ತೂ ಅವಳು ಅಷ್ಟು ಹೊತ್ತು ನೋಡುತ್ತಿರಲಿಲ್ಲ. ನಾನು ಜೋಳದ ತೆನೆ ನೋಡಿದಷ್ಟು ಸುಲಭಕ್ಕೆ ಅವಳು ಬೂದಿ ಓದುವವಳು. ಅಷ್ಟರಲ್ಲಿ ಕಾಕಾ ನಾಯಿಯನ್ನು ಹಿಡಿದುಕೊಂಡೇ ಹಿತ್ತಲಿಗೆ ಬಂದ.

"ಯಾವುದ ಯವ್ವಾ? ಮೊಲ ಐತೇನ? ಹೇಳು, ಟೈಗ್ಯಾನ್ನ ಬಿಡ್ತೇನಿ. ವಾಸನಿ ಹಿಡದು ಈಗಿಂದೀಗ ಎಳಕೊಂಡ ಬರತೈತಿ."

ನಾಯಿ ಬಣವೆಯ ಕಡೆ ಮೂಗು ಮಾಡಿ ಜಗ್ಗುತ್ತಿತ್ತು. ಆಯಿ ಒಮ್ಮೆ ನಾಯಿಯನ್ನು ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು. ಕಿಂಡಿಯಲ್ಲಿ ಫಕೀರವ್ವ ನಿಂತಿದ್ದಳು. ಬೆಳಗ್ಗೆ ಬೆಳಗ್ಗೆ ಮೊಗ್ಗು ನೋಡಲು ಬಂದವಳು, ಬಿದ್ದ ಹೂಗಳನ್ನು ನೋಡಿ ಅಲ್ಲೇ ಕಲ್ಲಾಗಿದ್ದಳು.

"ಆಡಿನ ಹೆಜ್ಜಿ ಅದಾವು" ಅಂದಳು ಆಯಿ.

ಕಾಕಾ ತಿರುಗಿ ಫಕೀರವ್ವನನ್ನು ನೋಡಿದ. "ಈ ಎರಡ ಓಣ್ಯಾಗ ಇರೂದ ಒಂದ ಆಡು. ಮತ್ತ್ಯಾರನ್ನ ಕೇಳೂಣು?"

"ನಿನ್ನ ಮಾತು ನನಗ ಬ್ಯಾಡೋ ತಮ್ಮಾ. ಶಿವಕ್ಕ, ನೀ ಹೇಳು. ನನ್ನ ಆಡು ನನ್ನ ಮಗಳ ದಂಡಿ ತಿಂತಾ?"

"ಬೂದ್ಯಾಗ ಆಡಿನ ಹೆಜ್ಜಿ ಅದಾವು ಫಕೀರವ್ವ."

"ಅದರ ಹಗ್ಗ ನನ್ನ ಹೊರಸಿನ ಕಾಲಿಗೇ ಕಟ್ಟೇನಿ. ಬೆಳತನಕ ನನ್ನ ತಲಿದೆಸಿಗೆ ಮೆಲಕಾಡಿಸಿಕೋತ ಮಲಗಿತ್ತು. ಬಾ, ಬಂದು ನೋಡು."

ಆಯಿ ಕೈಯಲ್ಲಿದ್ದ ದಂಟನ್ನು ಬೆರಳಲ್ಲಿ ಹೊಸಕುತ್ತಿದ್ದಳು.

"ನಲವತ್ತು ವರ್ಷ ಇಲ್ಲಿ ಕುಂತು ನಿನ್ನ ಹೂವು ಕಟ್ಟೇನಿ" ಅಂದಳು ಫಕೀರವ್ವ. ದನಿ ಏರಿಸಲಿಲ್ಲ, ಅದೇ ಕೆಟ್ಟದ್ದು. "ನನ್ನ ಮಾತಿಗಿಂತ ನಿನಗ ಬೂದಿ ದೊಡ್ಡದಾತು. ಕೊಡೂ ಮನಸಿಲ್ಲ ಅಂದ್ರ ಕೊಡೂದಿಲ್ಲ ಅನಬೇಕಿತ್ತವ್ವ. ಬಾಯಿ ಇಲ್ಲದ ಜೀವದ ಮ್ಯಾಲ ಹಾಕಬಾರದಿತ್ತು."

ಅವಳು ಹೋದ ಮೇಲೆ ಕಾಕಾ ಕಿಂಡಿಗೆ ಮುಳ್ಳು ಜಡಿದ. ಆಯಿ ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಒಯ್ದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಬಿಸಿನೀರು ಹಾಕಿ ನನ್ನ ಎರಡೂ ಕೈ ತಿಕ್ಕಿ ತಿಕ್ಕಿ ತೊಳೆದಳು, ಬೇವಿನ ಕಡ್ಡಿಯಿಂದ ಒಂದೊಂದೇ ಉಗುರಿನ ಸಂದಿ ಕೆರೆದಳು. ಬೂದಿ ಬೂದು ನೀರಾಗಿ ಬಚ್ಚಲ ಕಲ್ಲಿನ ಮೇಲೆ ಹರಿದು ಹೋಯಿತು. "ಮಣ್ಣಾಗ ಆಡಬ್ಯಾಡ" ಅಂದಳು, ಅಷ್ಟೇ. ಹಬ್ಬಕ್ಕೂ ಅವಳು ನನ್ನ ಕೈ ತೊಳೆದವಳಲ್ಲ. ನನಗೆ ಬೇರೇನೂ ಅನ್ನಿಸಲಿಲ್ಲ. ಬಚಾವಾದೆ ಅಂತ ಅನ್ನಿಸಿತು.

ಮಧ್ಯಾಹ್ನ ಬಣವೆಯ ಹಿಂದೆ ಹೋಗಿ ನೋಡಿದರೆ ಹೆಡಗೆ ಅಂಗಾತ ಬಿದ್ದಿತ್ತು. ಮೊಲ ಇರಲಿಲ್ಲ. ಎರಡೂ ಕಲ್ಲುಗಳು ಗೋಡೆಗೆ ಒತ್ತಿ, ಒಂದರ ಮೇಲೊಂದು ಇದ್ದವು. ಟೈಗ್ಯಾ ಪಡಸಾಲೆಯ ಕಂಬಕ್ಕೆ ಕಟ್ಟಿದಲ್ಲೇ ಇತ್ತು. ಓಡಿಹೋಯಿತು, ಹೋಗಲಿ ಅಂದುಕೊಂಡೆ. ಸ್ವಲ್ಪ ಅತ್ತೆ. ಸಂಜೆ ಆಯಿ ಹಳದಿ ಸೇವಂತಿಗೆ ಇದ್ದಷ್ಟೂ ಬಿಡಿಸಿ ಮೊರ ತುಂಬಿಸಿದಳು. ಕಿಂಡಿಗೆ ಮುಳ್ಳು ಬಿದ್ದಿತ್ತಲ್ಲ, ನನ್ನ ಕೈ ಹಿಡಿದುಕೊಂಡು ಸುತ್ತು ಹಾಕಿ ಫಕೀರವ್ವನ ಮನೆಗೆ ಹೋದಳು. ಬಾಗಿಲು ಹಾಕಿತ್ತು. ಒಳಗೆ ದೀಪ ಇತ್ತು, ಆಡು ಒಮ್ಮೆ ಅರಚಿತು.

"ಫಕೀರವ್ವ, ಬಾಗಲಾ ತಗಿ. ಒಂದ ಮಾತೈತಿ."

ಆಯಿ ಬಾಗಿಲಿಗೆ ಇನ್ನೂ ಹತ್ತಿರ ಸರಿದಳು.

"ಒಂದ ಮಾತೈತೆವ್ವ. ಕೇಳಿ ಆಮ್ಯಾಲ ಬೈಯುವಂತಿ. ಪಾರೀನೂ ಬಂದಾಳ."

"ನಿನ್ನ ಬೂದಿಗೆ ಹೇಳಹೋಗು" ಅಂತು ಬಾಗಿಲ ಹಿಂದಿನ ದನಿ.

ಆಯಿ ಇನ್ನೂ ಸ್ವಲ್ಪ ಹೊತ್ತು ನಿಂತಳು. ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಬಿಸಿನೀರಿಗೆ ಸುಕ್ಕಾದ ಅವಳ ಬೆರಳು ಒರಟಾಗಿದ್ದವು. ನನ್ನ ಮುಖ ನೋಡಿದಳು. ನಾನು ಹೂವಿನ ಮೊರ ನೋಡುತ್ತಿದ್ದೆ. ಮೊರವನ್ನು ಹೊಸ್ತಿಲ ಮೇಲಿಟ್ಟು ಬಂದೆವು. ಮರುದಿನ ಅದು ನಮ್ಮ ಬೇಲಿಯ ಈಚೆಗೆ ಬೋರಲು ಬಿದ್ದಿತ್ತು.

ನೀಲವ್ವನ ಕುಬಸ ಸವದತ್ತಿಯಿಂದ ತಂದ ಬಾಡಿದ ಹೂವಿನಿಂದ ಆಯಿತಂತೆ. ನಮಗೆ ಕರೆ ಬರಲಿಲ್ಲ. ಆಡನ್ನು ಫಕೀರವ್ವ ಮಗಳ ಜೊತೆ ರಾಮದುರ್ಗದ ಕಡೆಗೆ ಕಳಿಸಿಬಿಟ್ಟಳು. ಆಮೇಲೆ ಆ ಮನೆಯಲ್ಲಿ ಅವಳೊಬ್ಬಳೇ ಉಳಿದಳು. ಆಯಿ ಆ ದಿನದಿಂದ ಬೂದಿ ಹಾಕಲಿಲ್ಲ. ಕಾಕಾ ಕೇಳಿದರೆ, "ನನಗ ಕಣ್ಣ ಕಾಣಂಗಿಲ್ಲಪಾ" ಅನ್ನುತ್ತಿದ್ದಳು. ಸೂಜಿಗೆ ದಾರ ಪೋಣಿಸುತ್ತಿದ್ದವಳು. ಸಾಣಿಗೆ ಗೋಡೆಯ ಗೂಟದ ಮೇಲೆ ಹಾಗೇ ಉಳಿಯಿತು, ಜೇಡ ಬಲೆ ಕಟ್ಟಿತು. ಹೆಗ್ಗಣ ಬಂದಿತು, ಮುಸುವ ಬಂದಿತು, ತಿನ್ನುವವು ತಿಂದವು. ಆಯಿ ಒಬ್ಬಳೇ ಕಟ್ಟೆಯ ಮೇಲೆ ಕುಳಿತು ಒಂದು ಮೊಳ ಹೂ ಕಟ್ಟಿ ಏಳುತ್ತಿದ್ದಳು. ನಾನು ಎದುರಿಗೆ ಕುಳಿತ ದಿನಗಳೂ ಇದ್ದವು. ಬಾಯಿ ತೆರೆದರೆ ಬರುವ ಮಾತು ಅದೊಂದೇ ಆಗಿತ್ತು, ಅದಕ್ಕೇ ತೆರೆಯುತ್ತಿರಲಿಲ್ಲ. ನನಗೆ ಬುದ್ಧಿ ಬಂದಾಗ ಹೇಳೋಣ ಅಂದುಕೊಂಡೆ. ಮದುವೆಯಾಗಿ ಬೈಲಹೊಂಗಲಕ್ಕೆ ಬಂದೆ. ಮುಂದೆ ಹೇಳೋಣ ಅಂದುಕೊಂಡೆ. ಫಕೀರವ್ವ ಸತ್ತ ದಿನ ಆಯಿ ಹಿತ್ತಲದಲ್ಲಿ ಉಳಿದಿದ್ದ ಹೂವೆಲ್ಲ ಉಡಿಯಲ್ಲಿ ತುಂಬಿಕೊಂಡು ಹೋಗಿ ಅವಳ ಕಾಲಿನ ಹತ್ತಿರ ಸುರಿದಳಂತೆ, ತಲೆಯ ಹತ್ತಿರ ಹೋಗಲಿಲ್ಲವಂತೆ. ಎರಡು ವರ್ಷಕ್ಕೆ ತಾನೂ ಹೋದಳು. ಈಗ ಆ ಹಿತ್ತಲದಲ್ಲಿ ಕಾಕಾನ ಮೊಮ್ಮಕ್ಕಳು ಟ್ರ್ಯಾಕ್ಟರ್ ನಿಲ್ಲಿಸಲು ತಗಡಿನ ಶೆಡ್ಡು ಹಾಕಿದ್ದಾರೆ. ಬಾವಿ ಮುಚ್ಚಿದ್ದಾರೆ. ನಾನು ಹೋದಾಗ ಚಹಾ ಕೊಡುತ್ತಾರೆ, ಕುಡಿದು ಬರುತ್ತೇನೆ.

ನೀಲವ್ವ ಒಮ್ಮೆ ರಾಮದುರ್ಗದಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದ್ದಳು. ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತಳು. ಅಕ್ಕಪಕ್ಕದವರಿಗೆಲ್ಲ ನನ್ನನ್ನು ತೋರಿಸಿ, "ಇವರ ಹಿತ್ತಲದಾಗ ನಮ್ಮ ಆಡು ನನ್ನ ಕುಬಸದ ದಂಡಿ ತಿಂದಿತ್ತಂತ್ರಿ" ಅಂತ ನಕ್ಕಳು. ನಾನೂ ನಕ್ಕೆ. ನಕ್ಕು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಅಲ್ಲೊಂದು ಮಾತು ಆಡಿದ್ದರೆ ಏನು ಹೋಗುತ್ತಿತ್ತು? ಕಳೆದ ಆಷಾಢದಲ್ಲಿ ಅವಳೂ ಹೋದಳು. ಈ ಮಾತು ಕೇಳಬೇಕಾದವರು ಈಗ ಯಾರೂ ಉಳಿದಿಲ್ಲ. ನಿಮ್ಮ ಮನೆಗಳಲ್ಲೂ ಇಂಥವು ಒಂದೆರಡು ಇರಬಹುದು, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಇಷ್ಟು ವರ್ಷ ನಾನು ತಿಳಿದುಕೊಂಡಿದ್ದದ್ದು ಇಷ್ಟೇ: ಆಯಿಗೆ ನಾನು ಮೋಸ ಮಾಡಿದೆ, ಅವಳು ನನ್ನ ಬೂದಿ ನಂಬಿದಳು, ನಂಬಿ ಗೆಳತಿಯನ್ನು ಕಳೆದುಕೊಂಡಳು. ತಪ್ಪು ನನ್ನದು, ಅವಳಿಗೆ ಗೊತ್ತಿರಲಿಲ್ಲ. ಅವತ್ತು ಮಾಳಿಗೆಯ ಮೇಲೆ ಸುಮಾ ಕೊಟ್ಟ ದಂಟು ಕೈಯಲ್ಲಿತ್ತು. ತುದಿ ನೋಡಿದೆ. ಓರೆಯಾಗಿ, ನುಣ್ಣಗೆ, ಕುಡಗೋಲಿನಿಂದ ಕೊಯ್ದ ಹಾಗೆ. ಇಲಿಯ ಹಲ್ಲೂ ಮೊಲದ ಹಲ್ಲಿನಂಥದೇ. ರಸ ತುದಿಗೆ ಬಂದು ನಿಂತಿತ್ತು. ಆಗ ತಲೆಗೆ ಹತ್ತಿತು. ನಾನು ಬೂದಿ ಸವರಿದ್ದೆ. ದಂಟುಗಳನ್ನು ಮುಟ್ಟಿರಲಿಲ್ಲ. ಅವು ಮಡಿಯ ತುಂಬ ಬಿದ್ದಿದ್ದವು, ಒಂದಕ್ಕೂ ನಾರಿರಲಿಲ್ಲ. ಆಯಿ ಒಂದನ್ನು ಎತ್ತಿ ನೋಡಿದ್ದಳು, ಮೂಸಿದ್ದಳು, ನನ್ನ ಕಣ್ಣೆದುರಿಗೇ. ಅದನ್ನು ನನಗೆ ಕಲಿಸಿದವಳೇ ಅವಳು. ಬೂದಿಯಲ್ಲಿ ಎರಡು ಬೆರಳು ಒತ್ತುವುದನ್ನೂ ಅವಳೇ ಕಲಿಸಿದ್ದು. ಅವಳು ಆ ಹೆಜ್ಜೆಗಳಲ್ಲಿ ಆಡನ್ನು ಓದಲಿಲ್ಲ, ನನ್ನ ಬೆರಳನ್ನು ಓದಿದಳು. ಕಾಕಾನ ಕೈಯಲ್ಲಿ ನಾಯಿ ಜಗ್ಗುತ್ತಿತ್ತು, ಬಣವೆ ಹತ್ತು ಹೆಜ್ಜೆಯಲ್ಲಿತ್ತು, ನಾನು ನಿಂತಿದ್ದೆ. ಉಗುರು ತೊಳೆದದ್ದು ಅದಕ್ಕೆ. ಕಲ್ಲಿನ ಮೇಲೆ ಕಲ್ಲು ಇಟ್ಟದ್ದೂ ಅವಳೇ; ಮೊಲಕ್ಕೆ ಅದು ಬರುವುದಿಲ್ಲ. ಸಂಜೆಗೆ ಗೆಳತಿಯ ಹತ್ತಿರ ಎಲ್ಲ ಹೇಳಿ ಸರಿಮಾಡಿಕೊಳ್ಳುತ್ತೇನೆ ಅಂದುಕೊಂಡು ಬೆಳಗ್ಗೆ ಆ ಮಾತು ಆಡಿದ್ದಳು. ಅದಕ್ಕೇ ನನ್ನನ್ನೂ ಕರೆದುಕೊಂಡು ಹೋದಳು. ಬಾಗಿಲ ಹೊರಗೆ ನಿಂತು "ಒಂದ ಮಾತೈತಿ" ಅಂದದ್ದು ನಾನು ಮಾಡಿದ್ದರ ಮಾತು. ಬಾಗಿಲು ತೆಗೆಯಲಿಲ್ಲ ನಿಜ. ಹೊರಗಿನಿಂದಲೇ ಕೂಗಿ ಹೇಳಬಹುದಿತ್ತು. ಓಣಿಯವರೆಲ್ಲ ಕೇಳಿದರೆ ಕಾಕಾನಿಗೆ ಮುಟ್ಟಿ ಅವನ ಸಿಟ್ಟು ನನ್ನ ಮೇಲೆ ಬೀಳುತ್ತದೆ ಅಂತ ಹೇಳಲಿಲ್ಲ. ನನ್ನ ಮುಖ ನೋಡಿದಳು. ನಾನು ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು. ನಾನು ಮೊರ ನೋಡುತ್ತಿದ್ದೆ.

ಮೆಟ್ಟಿಲ ಮೇಲೆ ಸುಮಾಳ ಕಾಲಿನ ಸದ್ದು ಕೇಳಿತು. ಸೆರಗು ಸಿಕ್ಕಿಸಿಕೊಂಡು, ಮುಖ ಗಂಟು ಹಾಕಿಕೊಂಡು ಪಕ್ಕದ ಮನೆಗೆ ಹೊರಡಲು ತಯಾರಾಗಿ ಬಂದಿದ್ದಳು.

"ನಾ ಹೋಗಿ ಬರತೇನ್ರಿ ಅತ್ತಿ. ಇವತ್ತ ಒಂದ ಮಾತು ಕೇಳೇ ಬರಾಕಿ."

"ಹೋಗಬ್ಯಾಡ" ಅಂದೆ. "ಬೆಕ್ಕಲ್ಲ ಅದು, ಇಲಿ. ಸಂಜೀಕ ಬೋನು ಇಡು. ಅವರ ಮನೀಗೆ ಹೋಗೂದಿದ್ರ ಇರೂ ಹೂವು ಒಯ್ದು ಕೊಟ್ಟು ಬಾ."

ಅವಳು ನನ್ನ ಮುಖ ನೋಡಿದಳು, ಕುಂಡ ನೋಡಿದಳು. "ಹೆಂಗ ಗೊತ್ತಾತ್ರಿ ನಿಮಗ?" ಅಂದಳು. ನಾನು ದಂಟನ್ನು ಅವಳ ಕೈಗೆ ಕೊಟ್ಟೆ, ತುದಿ ಮೇಲೆ ಮಾಡಿ ಹಿಡಿಯಲು ಹೇಳಿದೆ.